ಓದಿದವರ ಸಹಿ: ನಾಲ್ಕನೇ ತರಗತಿಯ ಹುಡುಗಿಯೊಬ್ಬಳ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಒಂಬತ್ತು ವರ್ಷದ ಈ ಹುಡುಗಿಯನ್ನು ಸಲಹೆಗೆಂದು ನನ್ನ ಬಳಿಗೆ ಕಳುಹಿಸಿದವರು ಅವಳ ತರಗತಿ ಶಿಕ್ಷಕಿ. ಅವ್ವನ ಸಹಿಯನ್ನು ತಾನೇ ಹಾಕುತ್ತಾಳೆ, ಕೇಳಿದರೆ ಇಲ್ಲವೆಂದು ಸಾಧಿಸುತ್ತಾಳೆ ಎಂಬುದು ದೂರು. ಬೆಂಗಳೂರಿನ ಹೊರವಲಯದ ಸರ್ಕಾರಿ ಶಾಲೆ. ತಂದೆ ಗಾರೆ ಕೆಲಸ ಮಾಡುತ್ತಾರೆ, ತಾಯಿ ಮನೆಗೆಲಸಕ್ಕೆ ಹೋಗುತ್ತಾರೆ. ರಾಯಚೂರು ಕಡೆಯಿಂದ ದುಡಿಮೆಗೆಂದು ಬಂದ ಕುಟುಂಬ.

ಆ ತಿಂಗಳು ಶಾಲೆಯಲ್ಲಿ ಒಳ್ಳೆಯ ಕೆಲಸವೊಂದು ನಡೆದಿತ್ತು. ಪ್ರತಿ ಮನೆಗೂ ಒಂದೇ ಮಕ್ಕಳ ಪುಸ್ತಕದ ಪ್ರತಿ ಕೊಟ್ಟಿದ್ದರು. ರಾತ್ರಿ ಮನೆಮಂದಿ ಜೊತೆಗೆ ಕುಳಿತು ಎರಡು ಪುಟ ಓದಬೇಕು, ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿನಲ್ಲಿ ಆ ಬಗ್ಗೆ ಮಾತು. ಊರಿಗೆ ಊರೇ ಒಂದು ಪುಸ್ತಕ ಓದುವ ಪ್ರಯೋಗ 1998ರಲ್ಲಿ ಅಮೆರಿಕದ ಸಿಯಾಟಲ್ ನಗರದ ಗ್ರಂಥಾಲಯದಲ್ಲಿ ಶುರುವಾಯಿತು. ಮುಂದೆ ಅದನ್ನು ಶಾಲೆಗಳೂ ಕೈಗೆತ್ತಿಕೊಂಡವು. ಬಿಸಿಯೂಟದ ಅಡುಗೆಯವರಿಂದ ಮುಖ್ಯ ಶಿಕ್ಷಕರವರೆಗೆ ಎಲ್ಲರ ಬಾಯಲ್ಲೂ ಒಂದೇ ಕತೆ ಇರುವುದು ಮಕ್ಕಳಿಗೆ ಹಬ್ಬವೇ ಸರಿ. ಈ ಕೆಲಸ ಹೆಚ್ಚು ಶಾಲೆಗಳಲ್ಲಿ ನಡೆಯಬೇಕೆಂಬ ಆಸೆಯಿಂದಲೇ ಈ ಪ್ರಕರಣವನ್ನು ಬರೆಯುತ್ತಿದ್ದೇನೆ.

ತೊಡಕಿದ್ದದ್ದು ಪುಸ್ತಕದ ಜೊತೆಗೆ ಕೊಟ್ಟ ಹಾಳೆಯಲ್ಲಿ. ದಿನಾಂಕ, ಪುಟ, ಕೊನೆಗೆ ‘ಓದಿ ಹೇಳಿದ ಪೋಷಕರ ಸಹಿ’. ಶನಿವಾರ ಆ ಹಾಳೆಗಳನ್ನು ತರಗತಿಯ ಗೋಡೆಗೆ ಅಂಟಿಸುತ್ತಿದ್ದರು.

ಹುಡುಗಿ ಮೊದಲು ಬಾಯಿ ಬಿಡಲಿಲ್ಲ. ಸಹಿಯ ಮಾತು ಬಿಟ್ಟು ಕತೆ ಹೇಳು ಎಂದೆ. ಕಳೆದುಹೋದ ಆಡೊಂದನ್ನು ಹುಡುಕುವ ಆ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಒಂದೂ ಬಿಡದೆ ಹೇಳಿದಳು. ಆಮೇಲೆ ತಾನಾಗಿಯೇ, “ಅವ್ವ ಹೆಬ್ಬೆಟ್ಟು ಒತ್ತಿದರೆ ಗೋಡೆಯ ಮೇಲೆ ಎಲ್ಲರಿಗೂ ಕಾಣುತ್ತದೆ” ಎಂದಳು.

ಇದನ್ನು ಸುಳ್ಳುಗಾರಿಕೆ ಎಂದು ದಾಖಲಿಸಲು ನಾನು ಒಪ್ಪಲಿಲ್ಲ. ಮಗು ತಾಯಿಯ ಮಾನ ಕಾಯುತ್ತಿತ್ತು. ಆದರೆ ಅದಕ್ಕಾಗಿ ಪುಸ್ತಕವನ್ನು ಮನೆಯಲ್ಲಿ ಚೀಲದಿಂದ ಹೊರಗೇ ತೆಗೆಯುತ್ತಿರಲಿಲ್ಲ.

ತಾಯಿ ಎರಡು ಮನೆಗಳ ಕೆಲಸದ ನಡುವೆ ಬಿಡುವು ಮಾಡಿಕೊಂಡು ಬಂದರು. ಅವರ ನೋವೇ ಬೇರೆ. “ಶಾಲೆಯ ಮಾತು ತೆಗೆದರೆ ದೂರ ಸರಿದು ಕೂರುತ್ತಾಳೆ ಅಕ್ಕಾ. ನಾನು ಕಲಿತವಳಲ್ಲ ಎಂದು ಅವಳಿಗೆ ನಾಚಿಕೆ” ಎಂದರು. ಮಗಳನ್ನು ಒಳಗೆ ಕರೆದು ಇಬ್ಬರ ನಡುವೆ ಪುಸ್ತಕ ತೆರೆದಿಟ್ಟೆ. ತಾಯಿ ಮೊದಲ ಚಿತ್ರವನ್ನೇ ಬಹಳ ಹೊತ್ತು ನೋಡಿದರು. “ಇದು ಗಬ್ಬದ ಆಡು. ಕೆಚ್ಚಲು ತುಂಬಿಕೊಂಡಿದೆ ನೋಡು. ಈಯಲು ಮರೆಯಾದ ಜಾಗ ಹುಡುಕುತ್ತದೆ, ಕಳೆದುಹೋಗಿಲ್ಲ” ಎಂದರು. ಹುಡುಗಿ ಸರಸರನೆ ಹಾಳೆ ಮಗುಚಿ ಕೊನೆಯ ಪುಟವನ್ನು ತಾಯಿಯ ಮುಂದಿಟ್ಟಳು. ಪೊದೆಯ ಹಿಂದೆ ಆಡು, ಪಕ್ಕದಲ್ಲಿ ಮರಿ. ಅಕ್ಷರ ಬಲ್ಲ ಇಡೀ ತರಗತಿ ಮೊದಲ ಪುಟದಲ್ಲಿ ಕಾಣದಿದ್ದುದನ್ನು ಈ ತಾಯಿ ಕಂಡಿದ್ದರು. ಅವರು ಆಡು ಮೇಯಿಸಿಕೊಂಡು ಬೆಳೆದವರೆಂಬುದು ಮಗಳಿಗೂ ಅಂದೇ ಗೊತ್ತಾಯಿತು.

ಮನೆಯವರಿಗೆ ನಾನು ಕೊಟ್ಟ ಸಲಹೆ ಅಲ್ಲಿಂದಲೇ ಹುಟ್ಟಿತು. ಓದುವುದು ಮಗಳ ಪಾಲು, ಕೇಳುವುದು ತಾಯಿಯ ಪಾಲು. ಊಟವಾದ ಮೇಲೆ ಹತ್ತು ನಿಮಿಷ ಸಾಕು. ಮೊದಲು ಚಿತ್ರ ನೋಡಿ ಮಾತು, ಆಮೇಲೆ ಓದು. “ಮುಂದೆ ಏನಾಗಬಹುದು?”, “ನಮ್ಮೂರಿನಲ್ಲಾಗಿದ್ದರೆ ಏನು ಮಾಡುತ್ತಿದ್ದರು?” ಎಂದು ತಾಯಿ ಕೇಳಲಿ, ತಮ್ಮ ಮನೆಮಾತಿನಲ್ಲೇ ಕೇಳಲಿ. ಮಗಳು ಪದದ ಮುಂದೆ ತಡವರಿಸಿದರೆ ಗದರದೆ ಕಾಯಲಿ. ಇದು ಓದು ಬಾರದವರಿಗೆಂದು ಹೊಂದಿಸಿದ ಸಮಾಧಾನದ ಮಾತಲ್ಲ. ಅಮೆರಿಕದ ಮನೋವಿಜ್ಞಾನಿ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪುಸ್ತಕವನ್ನು ಸುಮ್ಮನೆ ಓದಿ ಹೇಳುವುದಕ್ಕಿಂತ ಪ್ರಶ್ನೆ ಕೇಳಿ ಮಗುವಿನಿಂದಲೇ ಹೇಳಿಸಿದಾಗ ಮಾತಿನ ಶಕ್ತಿ ಹೆಚ್ಚು ಬೆಳೆದದ್ದು ಕಂಡುಬಂತು. ಅಲ್ಲಿದ್ದವು ಇನ್ನೂ ಚಿಕ್ಕ ಮಕ್ಕಳು, ತಂದೆತಾಯಿ ಓದುಬಲ್ಲವರು. ಆದರೆ ಕೇಳುವುದಕ್ಕೆ ಅಕ್ಷರ ಬೇಕಿಲ್ಲ.

ತಾಯಿ ತಾವೂ ಸಹಿ ಕಲಿಯುತ್ತೇನೆಂದರು. ಖಂಡಿತ ಕಲಿಯಿರಿ, ಆದರೆ ಆ ಹತ್ತು ನಿಮಿಷದಲ್ಲಿ ಬೇಡ ಎಂದೆ. ಆ ಹೊತ್ತಿನಲ್ಲಿ ಮಗಳು ಅವ್ವನ ಮೇಷ್ಟರಾಗಬಾರದು. ಬೇಸಿಗೆಯಲ್ಲಿ ಊರಿಗೆ ಹೋದಾಗ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಮಗಳ ಹೆಸರು ಬರೆಸಲು ಹೇಳಿದೆ. ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ.

ಶಾಲೆಗೆ ಹೇಳಿದ್ದು ಸ್ವಲ್ಪ ಖಾರವಾಗಿತ್ತು. ಹಾಳೆಗಳನ್ನು ಗೋಡೆಯಿಂದ ಅಂದೇ ತೆಗೆಯಿರಿ ಎಂದೆ. 2011ರ ಜನಗಣತಿಯಲ್ಲಿ ಕರ್ನಾಟಕದ ಹಳ್ಳಿಗಳ ಮಹಿಳೆಯರಲ್ಲಿ ಸಾಕ್ಷರರ ಪ್ರಮಾಣ ಶೇ. 60ರ ಆಸುಪಾಸಿನಲ್ಲಿತ್ತು. ಆ ಹಳ್ಳಿಗಳಿಂದಲೇ ಬಂದ ತಾಯಂದಿರಿಗೆ ‘ಓದಿ ಹೇಳಿದವರ ಸಹಿ’ ಕೇಳುವುದೆಂದರೆ ಮಕ್ಕಳ ಮುಂದೆ ಅವರಿಗೆ ಪರೀಕ್ಷೆ ಇಟ್ಟಂತೆ. ಸಹಿಯಿಲ್ಲದಿದ್ದರೆ ಓದಿದ್ದಾರೆಂದು ತಿಳಿಯುವುದು ಹೇಗೆ ಎಂದು ಮುಖ್ಯ ಶಿಕ್ಷಕರು ಕೇಳಿದರು. ನ್ಯಾಯವಾದ ಪ್ರಶ್ನೆ. ಸಹಿಯ ಜಾಗದಲ್ಲಿ ‘ಈ ಕತೆಯ ಬಗ್ಗೆ ನಮ್ಮ ಮನೆಯಲ್ಲಿ ಆಡಿದ ಒಂದು ಮಾತು’ ಎಂದು ಹಾಕಿ, ಅದನ್ನು ಮಗುವೇ ಬರೆಯಲಿ ಎಂದೆ. ಓದದೆ ಅದನ್ನು ತುಂಬುವುದು ಸಹಿ ಹಾಕುವಷ್ಟು ಸುಲಭವಲ್ಲ. ಜೊತೆಗೆ, ಮುಂದಿನ ಪುಸ್ತಕ ಹಂಚುವ ಮುನ್ನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಪೋಷಕರೆದುರು ಚಿತ್ರ ನೋಡಿ ಕತೆ ಕಟ್ಟುವುದನ್ನು ಮಾಡಿ ತೋರಿಸಬೇಕು. ಎರಡಕ್ಕೂ ಒಪ್ಪಿದರು.

ಹುಡುಗಿಗೆ ಶಿಕ್ಷೆಯಾಗಲಿಲ್ಲ. ಸಹಿ ಹಾಕಿದ್ದು ತಪ್ಪೆಂದು ಅವಳಿಗೆ ತಿಳಿಸಿದ್ದೇನೆ. ಅವಳು ಅದನ್ನು ಯಾಕೆ ಮಾಡಿದಳೆಂದು ಶಿಕ್ಷಕಿಗೆ ತಿಳಿಸಿದ್ದೇನೆ. ಹೊಸ ಹಾಳೆಯಲ್ಲಿ ಅವಳ ಮೊದಲ ಸಾಲು ಆಡಿನ ಕೆಚ್ಚಲಿನ ಬಗ್ಗೆ ಇತ್ತು, ಪ್ರಾರ್ಥನೆಯ ಹೊತ್ತಿನಲ್ಲಿ ಅದನ್ನೇ ಓದಿಸಿದರು. ತಂದೆಯನ್ನು ಇನ್ನೂ ಭೇಟಿಯಾಗಿಲ್ಲ. ರಾತ್ರಿ ಅವರು ಬರುವಷ್ಟರಲ್ಲಿ ಮಗಳು ಮಲಗಿರುತ್ತಾಳೆ. ಅವರಿಗೆ ಕೆಲಸವಿಲ್ಲದ ಭಾನುವಾರ ಮೂವರನ್ನೂ ಒಟ್ಟಿಗೆ ಬರಹೇಳಿದ್ದೇನೆ, ಪುಸ್ತಕ ತರಲು ಮರೆಯಬೇಡಿ ಎಂದಿದ್ದೇನೆ.