ರೋಗ ರಜೆ ಹಾಕಲಿಲ್ಲ

ಪತ್ರ: 2020ರಲ್ಲಿ ಹಲವು ದೇಶಗಳಲ್ಲಿ ಕ್ಯಾನ್ಸರ್ ಪತ್ತೆಯಾದವರ ಸಂಖ್ಯೆ ಇಳಿದು, ಆಮೇಲೆ ಏರಿತಂತೆ. ಹಾಗಾದರೆ ಕೋವಿಡ್ ವೈರಸ್ಸೇ ಕ್ಯಾನ್ಸರ್ ತರುತ್ತಿದೆಯೇ? (ನನ್ನದೂ ಒಂದು ತಪಾಸಣೆ ಎರಡು ವರ್ಷದಿಂದ ಬಾಕಿ ಇದೆ.)

ಉತ್ತರ: ಪ್ರಶ್ನೆ ತಲೆಹರಟೆಯದಲ್ಲ, ಒಪ್ಪಿದೆ. ಪೇಟನ್ ರೌಸ್ ಎಂಬ ವಿಜ್ಞಾನಿ ಕೋಳಿಯ ಗಡ್ಡೆಯನ್ನು ಅರೆದು, ಒಂದು ಜೀವಕೋಶವೂ ಉಳಿಯದ ಹಾಗೆ ಸೋಸಿ, ಆ ರಸವನ್ನು ಬೇರೆ ಕೋಳಿಗೆ ಚುಚ್ಚಿದರು. ಅದಕ್ಕೂ ಗಡ್ಡೆ ಬಂತು; ತಂದದ್ದು ರಸದಲ್ಲಿದ್ದ ವೈರಸ್ಸು. ಇದು 1911ರ ಮಾತು. ನೊಬೆಲ್ ಸಿಕ್ಕಿದ್ದು 1966ರಲ್ಲಿ! 1981ರ ಜುಲೈನಲ್ಲಿ ನ್ಯೂಯಾರ್ಕ್ ಮತ್ತು ಕ್ಯಾಲಿಫೋರ್ನಿಯಾದ 26 ಗಂಡಸರಲ್ಲಿ ಕಪೋಸಿ ಸಾರ್ಕೋಮಾ ಕಂಡಿದ್ದು ವರದಿಯಾಯಿತು. ಅಲ್ಲಿಯವರೆಗೆ ಆ ದೇಶದಲ್ಲಿ ಅದು ಹೆಚ್ಚಾಗಿ ವಯಸ್ಸಾದವರಿಗೆ, ಅದೂ ಅಪರೂಪಕ್ಕೆ ಬರುತ್ತಿದ್ದ ಕ್ಯಾನ್ಸರ್. ಎಚ್‌ಐವಿ ಮೈಯ ಕಾವಲನ್ನು ಕೆಡಿಸಿತ್ತು. ಒಳಗೆ ನುಗ್ಗಿ ಗಡ್ಡೆ ಎಬ್ಬಿಸಿದ್ದು ಬೇರೊಂದು ವೈರಸ್ಸು, ಅದು ಸಿಕ್ಕಿದ್ದು 1994ರಲ್ಲಿ.

ನಿಮ್ಮ ಅನುಮಾನಕ್ಕೆ ಇಷ್ಟು ಮರ್ಯಾದೆ ಸಾಕು.

ಆದರೆ 2020ರ ಲೆಕ್ಕಕ್ಕೆ ಸುಮ್ನೆ ವೈರಸ್ಸನ್ನು ಎಳೆದು ತರಬೇಡಿ. ಕೋವಿಡ್ ಕ್ಯಾನ್ಸರ್ ತರುತ್ತದೆ ಎಂದು ಸಾಬೀತಾಗಿಲ್ಲ. ಎಚ್‌ಪಿವಿ ಎಂಬ ವೈರಸ್ಸಿನ ಸೋಂಕು ಗರ್ಭಕಂಠದ ಕ್ಯಾನ್ಸರ್ ಆಗುವುದಕ್ಕೇ ಸಾಮಾನ್ಯವಾಗಿ ಹದಿನೈದಿಪ್ಪತ್ತು ವರ್ಷ ಬೇಕು. ಆ ವರ್ಷ ನಿಂತಿದ್ದು ರೋಗವಲ್ಲ, ತಪಾಸಣೆ. ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ), ಕೊಲೊನೋಸ್ಕೋಪಿ (ದೊಡ್ಡ ಕರುಳಿನ ಒಳಗೆ ನೋಡುವ ತಪಾಸಣೆ) ಎಲ್ಲ ತಿಂಗಳುಗಟ್ಟಲೆ ಮುಂದಕ್ಕೆ ಹೋದವು.

ನನಗೆ ಬೇಕಾದವರೊಬ್ಬರಿಗೆ ಆ ಬೇಸಿಗೆಯಲ್ಲಿ ಸ್ನಾನ ಮಾಡುವಾಗ ಎದೆಯಲ್ಲಿ ಗೋಲಿಯಷ್ಟು ಗಂಟು ಕೈಗೆ ತಾಕಿತು. ಆಸ್ಪತ್ರೆಗೆ ಫೋನ್ ಮಾಡಿದರೆ, ‘ತುರ್ತು ಇಲ್ಲದಿದ್ದರೆ ಈಗ ಬರಬೇಡಿ’ ಅಂದರು. ತುರ್ತೋ ಅಲ್ಲವೋ ಅಂತ ಇವರಿಗೇನು ಗೊತ್ತು? ವಾರಕ್ಕೊಮ್ಮೆ ಬಾಗಿಲು ಹಾಕಿಕೊಂಡು, ಬೆರಳಿನಿಂದ ಒತ್ತಿ ಅಳತೆ ನೋಡುತ್ತಿದ್ದರು. ಮನೆಯವರಿಗೂ ಹೇಳಿರಲಿಲ್ಲ. ಮುಂದಿನ ವರ್ಷ ಹೋದಾಗ ಕಂಕುಳಲ್ಲೂ ಗಂಟು. 2020ರ ಪಟ್ಟಿಯಲ್ಲಿ ಅವರು ಆರೋಗ್ಯವಂತರು, 2021ರಲ್ಲಿ ರೋಗಿ. ನೀವು ಓದಿದ ಏರಿಳಿತದಲ್ಲಿ ಇಂಥವರು ಎಷ್ಟು ಜನರೋ.

ನನ್ನ ಸಿಟ್ಟು ನಿಮ್ಮ ಮೇಲಲ್ಲ, ನಮ್ಮ ಕಸುಬಿನ ಮೇಲೆ. ‘ಕ್ಯಾನ್ಸರ್ ಇಳಿಕೆ’ ಎಂದು ತಲೆಬರಹ ಕೊಡಲು ಎರಡು ನಿಮಿಷ ಸಾಕು. ‘ಎಣಿಸಿದವರು ಯಾರು, ಬಾಗಿಲು ತೆರೆದಿತ್ತಾ’ ಅಂತ ಕೇಳಲು ಒಂದು ಫೋನಾದರೂ ಮಾಡಬೇಕಲ್ವಾ? ಅಷ್ಟು ಪುರುಸೊತ್ತು ಯಾರಿಗೂ ಇಲ್ಲ. ಸೋಂಕಿನ ಲೆಕ್ಕವನ್ನು ದಿನಾ ಸಂಜೆ ಹಾಕಿದೆವು. ತಪ್ಪಿದ ತಪಾಸಣೆಗಳ ಲೆಕ್ಕವನ್ನು ಒಂದು ದಿನವೂ ಹಾಕಲಿಲ್ಲ.

ಅಂದ ಹಾಗೆ, ನಿಮ್ಮ ಪತ್ರದಲ್ಲಿ ಮುಖ್ಯವಾದದ್ದನ್ನು ಕಂಸದೊಳಗೆ ಹಾಕಿದ್ದೀರಿ. ಎರಡು ವರ್ಷ ಜಾಸ್ತಿಯಾಯಿತು. ಮುಂದಿನ ಪತ್ರವನ್ನು ತಪಾಸಣೆ ಮಾಡಿಸಿಕೊಂಡೇ ಬರೆಯಿರಿ.

– ಸಂ.