ಅಣುಬಾಂಬ್ ಪರೀಕ್ಷೆ ನಡೆದ ಬಿಕಿನಿ ಹವಳದ್ವೀಪದ ಸಮುದ್ರದಲ್ಲಿ ವಿಕಿರಣ ಇನ್ನೂ ಇದೆಯೇ? ಅಲ್ಲಿನ ಮೀನುಗಳಲ್ಲೂ ಇದೆಯೇ?

ಇದೆ. ಆದರೆ ನೀರಿಗಿಂತ ತಳದ ಕೆಸರಿನಲ್ಲಿ ಜಾಸ್ತಿ. 1946ರಿಂದ 1958ರವರೆಗೆ ಅಮೆರಿಕ ಪೆಸಿಫಿಕ್ ಸಾಗರದ ಮಾರ್ಷಲ್ ದ್ವೀಪಗಳಲ್ಲಿ 67 ಅಣುಬಾಂಬ್ ಪರೀಕ್ಷೆ ನಡೆಸಿತು. ಅದರಲ್ಲಿ 23 ಬಿಕಿನಿಯಲ್ಲೇ.

ಬಾಂಬ್‌ನಿಂದ ಉಳಿದ ವಿಕಿರಣಶೀಲ ಧಾತು ಪ್ಲುಟೋನಿಯಂ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಹವಳದ ಪುಡಿಗೆ ಅಂಟಿಕೊಂಡು ತಳ ಸೇರುತ್ತದೆ. ಅದು ಅರ್ಧಕ್ಕಿಳಿಯಲು ಸುಮಾರು 24,000 ವರ್ಷ ಬೇಕು. ತಳದ ಜೀವಿಗಳು ಬಿಲ ತೋಡಿದಾಗೆಲ್ಲ ಸ್ವಲ್ಪ ಸ್ವಲ್ಪವೇ ಮೇಲೇಳುತ್ತಿರುತ್ತದೆ.

ಸ್ಫೋಟದಲ್ಲಿ ಹುಟ್ಟಿದ ಇನ್ನೊಂದು ವಿಕಿರಣಶೀಲ ವಸ್ತು ಸೀಸಿಯಂ-137 ಹಾಗಲ್ಲ. ಅದು ನೀರಿನಲ್ಲಿ ಕರಗಿ ದೂರ ಹರಡಿಹೋಗುತ್ತದೆ. ಜೀವಿಗಳ ದೇಹಕ್ಕೆ ಅದೂ ಪೊಟ್ಯಾಸಿಯಂ ತರಹವೇ ಕಾಣುತ್ತದೆ. ಕಡಲ ನೀರಿನಲ್ಲಿ ಪೊಟ್ಯಾಸಿಯಂ ಬೇಕಾದಷ್ಟಿದೆ, ಹಾಗಾಗಿ ಮೀನಿಗೆ ಸೀಸಿಯಂ ಸೇರುವುದು ಕಡಿಮೆ. ದ್ವೀಪದ ಹವಳದ ಮಣ್ಣಿನಲ್ಲಿ ಪೊಟ್ಯಾಸಿಯಂ ತೀರಾ ಕಮ್ಮಿ. ಅದಕ್ಕೇ ತೆಂಗಿನಮರ ಸೀಸಿಯಂ ಹೀರಿಕೊಳ್ಳುತ್ತದೆ. ಅಂದರೆ ಅಲ್ಲಿ ಮೀನಿಗಿಂತ ತೆಂಗಿನಕಾಯಿಯೇ ದೊಡ್ಡ ಚಿಂತೆ.

ನೆಲದ ಮೇಲೆ ಬದುಕುವ ಜೀವಿಗಳಲ್ಲೂ ವಿಕಿರಣ ಉಳಿಯುತ್ತದೆ. ದ್ವೀಪದ ದೊಡ್ಡ ಏಡಿಯಾದ ತೆಂಗಿನ ಏಡಿಯನ್ನೇ ನೋಡಿ. ಪೊರೆ ಕಳಚಿದ ಮೇಲೆ ಅದು ತನ್ನ ಹಳೇ ಚಿಪ್ಪನ್ನೇ ತಿನ್ನುತ್ತದೆ. ಚಿಪ್ಪಿನಲ್ಲಿದ್ದ ಸ್ಟ್ರಾನ್ಷಿಯಂ-90 ಎಂಬ ಮತ್ತೊಂದು ವಿಕಿರಣಶೀಲ ವಸ್ತು ಮತ್ತೆ ಮೈ ಸೇರುತ್ತದೆ.

ಇದೆಲ್ಲ ಸುಮ್ನೆ ಪುಸ್ತಕದ ಮಾತಲ್ಲ. 1946ರಲ್ಲಿ 167 ಜನರನ್ನು ಬಿಕಿನಿಯಿಂದ ಎಬ್ಬಿಸಿದರು. 1970ರ ದಶಕದಲ್ಲಿ ಕೆಲವು ಕುಟುಂಬಗಳು ಮರಳಿದವು. ಅವರ ದೇಹದಲ್ಲಿ ಸೀಸಿಯಂ ಏರಿದ್ದು ಕಂಡು 1978ರಲ್ಲಿ ಮತ್ತೆ ಊರು ಬಿಡಿಸಿದರು.