ಅಪ್ಪನ ಬಿಪಿ, ಮಗಳ ಎದೆಬಡಿತ

‘ನಮ್ಮ ಮನೇಲಿ ಎಲ್ಲರಿಗೂ ಬಿಪಿ, ನನಗೂ ಬಂದೇ ಬರುತ್ತೆ’ ಎಂದು ಆಪ್ತಸಲಹೆಗೆ ನನ್ನ ಬಳಿ ಬರುವವರು ಜಾಸ್ತಿಯಾಗಿದ್ದಾರೆ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ, ಗುರುತು ಸಿಗದಂತೆ ವಿವರ ಬದಲಿಸಿ.

ಆಕೆಗೆ ಇನ್ನೂ ಮೂವತ್ತಾಗಿಲ್ಲ, ಬ್ಯಾಂಕ್ ಕೆಲಸ. ಅಪ್ಪ, ಅಮ್ಮ ಇಬ್ಬರಿಗೂ ಬಿಪಿ. ಅಪ್ಪನಿಗೆ ಸ್ಟ್ರೋಕ್ ಆದ ಮೇಲೆ ಈಕೆ ಬಿಪಿ ಮಿಷನ್ ತಂದಿಟ್ಟುಕೊಂಡಳು. ಮನೆಯಲ್ಲಿ ಮಾತಿಗೆ ಮಾತು ಬೆಳೆದರೆ ಚೆಕ್, ನಿದ್ದೆ ಬರದಿದ್ದರೆ ಚೆಕ್. ನಂಬರ್ ನೋಡಿ ಗಾಬರಿ, ಗಾಬರಿಗೆ ನಂಬರ್ ಇನ್ನೂ ಮೇಲೆ.

ಎರಡನೇ ಭೇಟಿಯಲ್ಲಿ ಆಕೆ ಹೇಳಿದ್ದು: ‘ಮೇಡಂ, ಕೌಂಟರ್‌ನಲ್ಲಿ ಆದ ಜಗಳ ಪಕ್ಕದವರಿಗೆ ಟೀ ಹೊತ್ತಿಗೆ ಮರೆತೇ ಹೋಗಿರುತ್ತೆ. ನನಗೆ ರಾತ್ರಿ ಮಲಗಿದ್ರೂ ಎದೆ ಹೊಡ್ಕೋತಿರುತ್ತೆ.’

ನನಗೆ ಬೇಕಿದ್ದ ಎಳೆ ಅಲ್ಲಿತ್ತು. ಯಾರಾದರೂ ರೇಗಿದರೆ ಎದೆಬಡಿತ ಹೆಚ್ಚಿಸುವ ಅಡ್ರಿನಲಿನ್ ಹಾರ್ಮೋನ್ ಸೆಕೆಂಡುಗಳಲ್ಲಿ ಏರುತ್ತದೆ. ಒತ್ತಡದ ಇನ್ನೊಂದು ಹಾರ್ಮೋನ್ ಕಾರ್ಟಿಸಾಲ್ ನಿಧಾನ, ಗರಿಷ್ಠ ಮಟ್ಟಕ್ಕೆ ಬರಲು ಸುಮಾರು 20-30 ನಿಮಿಷ ಬೇಕು. ಹೆತ್ತವರಿಗೆ ಬಿಪಿ ಇದ್ದು ತಮಗೆ ಇನ್ನೂ ಬಾರದ ಯುವಕರನ್ನು ಕೂರಿಸಿ, ಅವಸರ ಮಾಡಿ ಬಾಯಿಲೆಕ್ಕ ಮಾಡಿಸಿದ ಹಲವು ಅಧ್ಯಯನಗಳಲ್ಲಿ ಅವರ ಬಿಪಿ, ಎದೆಬಡಿತ ಉಳಿದವರಿಗಿಂತ ಜಾಸ್ತಿ ಏರಿದೆ. ಕೆಲವದರಲ್ಲಿ ಕಾರ್ಟಿಸಾಲ್ ಕೂಡ, ಆದರೆ ಅದರ ಬಗ್ಗೆ ಎಲ್ಲವೂ ಒಂದೇ ಮಾತು ಹೇಳುವುದಿಲ್ಲ. ಅಂದರೆ ಬೇಗ ಏರುವ ಗುಣ ಮನೆಯಿಂದ ಬಂದಿರಬಹುದು. ರಾತ್ರಿಯವರೆಗೂ ಇಳಿಯದಿರುವುದಕ್ಕೆ ಮಾತ್ರ ಆ ಜಗಳವನ್ನು ತಲೆಯಲ್ಲಿ ಮತ್ತೆ ಮತ್ತೆ ಆಡಿಸುವುದೂ ಕಾರಣ, ಅದರ ಮೇಲೆ ಕೆಲಸ ಮಾಡಬಹುದು ಎಂದೆ.

‘ಟೆನ್ಷನ್ ತಗೋಬೇಡ’ ಎಂದು ನಾನು ಹೇಳಲಿಲ್ಲ. ಅದು ಸಲಹೆಯೇ ಅಲ್ಲ, ಎದುರಿಗಿದ್ದವರನ್ನು ಸುಮ್ಮನಾಗಿಸುವ ಉಪಾಯ. ಕೆಲಸ ಬಿಡಿಸಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಬಿಡಿಸಿದರೆ ಇಎಂಐ ಯಾರು ಕಟ್ಟುತ್ತಾರೆ, ಆ ಚಿಂತೆಗೆ ಕಾರ್ಟಿಸಾಲ್ ಏರುವುದಿಲ್ವಾ? ಜಗಳವಾದ ಮೇಲೆ ಸೀಟಿನಿಂದ ಎದ್ದು ಸ್ವಲ್ಪ ನಡೆಯಿರಿ, ನಡೆದದ್ದನ್ನು ಸಂಜೆ ಒಬ್ಬರಿಗೆ ಒಂದೇ ಸಲ ಹೇಳಿ ಮುಗಿಸಿ, ಉಪ್ಪಿನಕಾಯಿ ಹಪ್ಪಳ ಕಡಿಮೆ ಮಾಡಿ ಎಂದೆ. ಬಿಪಿಯನ್ನು ಡಾಕ್ಟರ್ ಹೇಳಿದ ಕೆಲವು ದಿನ ಮಾತ್ರ, ಬೆಳಿಗ್ಗೆ ಸಂಜೆ, ಐದು ನಿಮಿಷ ಸುಮ್ನೆ ಕೂತು ನೋಡಬೇಕು. ಜಗಳದ ಬಿಸಿಯಲ್ಲಿ ನೋಡಲೇಬಾರದು. ಮಾತ್ರೆ ಬೇಕೋ ಬೇಡವೋ ಎನ್ನುವುದು ಡಾಕ್ಟರ್ ಮಾತು, ನನ್ನದಲ್ಲ.

ಆಕೆಗೆ ಸದ್ಯಕ್ಕೆ ಮಾತ್ರೆ ಬೇಡ ಎಂದಿದ್ದಾರೆ. ನನಗೆ ಚಿಂತೆ ಇರುವುದು ಆಕೆಯ ಅಣ್ಣನ ಬಗ್ಗೆ. ಅದೇ ಅಪ್ಪ, ಅದೇ ಅಮ್ಮ. ‘ನಂಗೇನೂ ಟೆನ್ಷನ್ನೇ ಇಲ್ಲ’ ಎನ್ನುತ್ತಾ ಇದುವರೆಗೆ ಒಂದು ಸಲವೂ ಬಿಪಿ ನೋಡಿಸಿಕೊಂಡಿಲ್ಲವಂತೆ.